ಎರಡು ಕಾಲಂ

ರೇ ರೋಡ್ ಸ್ಟೇಶನ್ನಿನಿಂದ ಲಕ್ಡಿ ಬಂದರಿಗೆ
ನಡೆದರೆ ಹನ್ನೊಂದು ನಿಮಿಷ, ಲಾರಿ ಅಡ್ಡ ನಿಂತರೆ ಇಪ್ಪತ್ತು.
ಬಂದರಿನಲ್ಲಿ ಈಗ ಮರ ಇಳಿಯುವುದಿಲ್ಲ,
ಹೆಸರೊಂದು ಇಳಿಯದೆ ಉಳಿದಿದೆ.
ದಿಮ್ಮಿಗಳು ಕಾಂಡ್ಲಾದಲ್ಲಿ ಹಡಗು ಬಿಟ್ಟು
ಎರಡು ರಾತ್ರಿ ಲಾರಿಯ ಮೇಲೆ ಮಲಗಿ ಬರುತ್ತವೆ.
ಸುಂಕದ ಚೀಟಿ, ಹುಳಕ್ಕೆ ಹೊಗೆ ಹಾಕಿದ ಚೀಟಿ,
ಆಮೇಲೆ ನಾನು.

ನಾನು ಬರೆಯುವವನು. ಖೇತ್ಸಿ ಸೇಠರ ವಖಾರಿಯಲ್ಲಿ
ಇಪ್ಪತ್ತೇಳು ವರ್ಷದಿಂದ ಮೆತ್ತನೆ ಮರದ ಖಾತೆ ನನ್ನದು.
ಸಾಗುವಾನಿಯದು ಸೇಠರ ಅಳಿಯನ ಕೈಯಲ್ಲಿ,
ಅದಕ್ಕೆ ಕೆಂಪು ರಟ್ಟು.
ನನ್ನದಕ್ಕೆ ರಟ್ಟೇ ಕಿತ್ತು ಹೋಗಿದೆ.

ಪುಟದ ನಡುವೆ ಒಂದು ಗೀಟು.
ಎಡಕ್ಕೆ ನ್ಯೂಜಿಲೆಂಡ್, ಬಲಕ್ಕೆ ಉರುಗ್ವೆ.
ಮೊದಲು ಬಲ ಎಂಬುದೇ ಇರಲಿಲ್ಲ.
ಎಡವೇ ಹಾಲಿನಂತೆ ಉಕ್ಕಿ ಗೀಟು ದಾಟುತ್ತಿತ್ತು:
ಒಂದು ಮಾರ್ಚಿನಲ್ಲಿ ಎಂಟುನೂರ ನಲವತ್ತು ಘನಮೀಟರ್,
ಜಾಗ ಸಾಲದೆ ಸೊನ್ನೆಯನ್ನು ಎಳ್ಳಿನಷ್ಟು ಮಾಡಿದ್ದೆ.

ಹೀಗಿರಲು ಒಂದು ದೀಪಾವಳಿ,
ಹೊಸ ಪುಸ್ತಕಕ್ಕೆ ಕುಂಕುಮ ಹಚ್ಚಿದ ಮಾರನೆಯ ದಿನ
ಸೇಠರು ಫೋನು ಕಿವಿಗೆ ಹಿಡಿದೇ ಕೂಗಿದರು:
'ಬಂಗೇರಾ, ಇನ್ನೊಂದು ದೇಶ ಬರಕೋ.'
ಸ್ಪೆಲ್ಲಿಂಗ್ ಹೇಳಲಿಲ್ಲ. ಎಲ್ಲಿದೆ ಎಂದೂ ಹೇಳಲಿಲ್ಲ.
ಒಂದೆರಡು ಹಡಗಿನ ಮಾತಲ್ಲವೇ ಎಂದು
ಪೆನ್ಸಿಲ್ಲಿನಲ್ಲಿ ಬರೆದಿಟ್ಟೆ.

ಹದಿನೆಂಟು. ನಲವತ್ತೊಂದು. ನೂರ ಆರು.
ಮೂರನೆಯ ವರ್ಷ ಇಂಕಿಗೆ ಬದಲಾಯಿಸಿದೆ.
ಒಂದೇ ಒಲೆಯ ಮುಂದೆ ಇಬ್ಬರು ಓರಗಿತ್ತಿಯರು:
ಒಬ್ಬಳ ಕೈ ಮೇಲಾಗುತ್ತ ಹೋದಂತೆ
ಇನ್ನೊಬ್ಬಳು ಪಾತ್ರೆಯನ್ನು ಸದ್ದಾಗದಂತೆ ಇಡುತ್ತಾಳೆ.

ಯಾಕೆ ಹೀಗೆ ಎಂದರೆ
ಸೇಠರು ಡಾಲರ್ ಎನ್ನುತ್ತಾರೆ, ಅಳಿಯ ಹಡಗಿನ ಬಾಡಿಗೆ,
ಏಜೆಂಟ್ ಪಿಂಟೊ ಯಾವುದೋ ಗ್ಯಾಸಿನ ನಿಯಮ.
ಖಾತೆಯಲ್ಲಿ ಯಾಕೆ ಎಂಬ ಕಾಲಂ ಇಲ್ಲ.

ಗರಗಸದ ಮಶೀನಿನ ಹಸನ್‌ಮಿಯಾ ಪರ್ಕಾರ್‌ಗೆ
ನನ್ನ ಖಾತೆಯೇ ಬೇಡ. ಕಣ್ಣು ಮುಚ್ಚಿ
ಹೊಟ್ಟು ಮೂಸುತ್ತಾನೆ:
'ಇದು ಹಳೆ ಸಾಬೂನಿನ ಡಬ್ಬಿ, ನಿನ್ನ ಎಡಗಡೆ.
ಇದು ಬಣ್ಣ ಹಚ್ಚಿ ಬಿಸಿಲಿಗಿಟ್ಟ ಬಾಗಿಲು, ಬಲ.'
ಹತ್ತಕ್ಕೆ ಒಂಬತ್ತು ಸರಿ.
ತಪ್ಪಿದ ಒಂದಕ್ಕೆ ಪುಸ್ತಕವೇ ಸುಳ್ಳು ಎನ್ನುತ್ತಾನೆ.
ಒಮ್ಮೆ ನಿಜಕ್ಕೂ ಪುಸ್ತಕವೇ ಸುಳ್ಳಾಗಿತ್ತು.
ಆ ಸಂಜೆಯ ಚಹಾ ನನ್ನ ಲೆಕ್ಕಕ್ಕೆ.

ಊಟದ ಹೊತ್ತಿಗೆ ದಿಮ್ಮಿಯ ಮೇಲೇ ಡಬ್ಬಿ ಬಿಚ್ಚುತ್ತೇವೆ.
ಬಂಗುಡೆಯ ಮುಳ್ಳು ಬಿಡಿಸುತ್ತ
ಎಡಗೈ ಬೆರಳಿನಿಂದ ಪಕ್ಕದ ದಿಮ್ಮಿಯ ಉಂಗುರ ಎಣಿಸುತ್ತೇನೆ.
ಬಿಳಿಯ ಅಗಲ ಅವರ ವಸಂತ,
ಅಂದರೆ ನಮ್ಮ ಅಕ್ಟೋಬರಿನ ಉರಿ.
ಕಂದು ಗೆರೆ ಅವರ ಬೇಸಿಗೆ ತೀರುವ ಹೊತ್ತು.
ಇಪ್ಪತ್ತೈದು, ಇಪ್ಪತ್ತಾರು, ಇಪ್ಪತ್ತೇಳು. ಅಲ್ಲಿಗೆ ಮರ ಮುಗಿಯಿತು.
ನಾನು ಈ ಸ್ಟೂಲಿನ ಮೇಲೆ ಕೂತ ವರ್ಷ
ಯಾರೋ ಒಬ್ಬ ಬಗ್ಗಿ ಇದನ್ನು ನೆಟ್ಟಿದ್ದಾನೆ.
ಅವನಿಗೂ ಸೊಂಟ ನೋಯುತ್ತಿರಬಹುದು ಈಗ.

ಮೂರು ಗಂಟೆಗೆ ಎಲ್ಲ ಹಲಗೆಯಾಗುತ್ತದೆ,
ಹಲಗೆಗೆ ಎಡಬಲವಿಲ್ಲ.
ಭಿವಂಡಿಯ ಪಂಪಿನ ಕಾರ್ಖಾನೆಗೆ ಪೆಟ್ಟಿಗೆ:
ಎರಡು ಹಲಗೆ ಅಲ್ಲಿಯದು, ಮೂರು ಇಲ್ಲಿಯದು,
ಮೊಳೆ ಕುರ್ಲಾದ್ದು.
ಒಮ್ಮೆ ಮೇಲೆ ಅಚ್ಚೊತ್ತಿದ ವಿಳಾಸ ಓದಿದೆ: ಆಕ್ಲೆಂಡ್.
ತವರಿಗೆ ಹೊರಟದ್ದನ್ನು ಎಲ್ಲಿ ಬರೆಯುವುದು?
ಅಂಚಿನಲ್ಲಿ ಪೆನ್ಸಿಲ್ಲಿನದೊಂದು ಚುಕ್ಕೆ ಇಟ್ಟೆ.
ಆಡಿಟರು ಕೇಳಿದಾಗ ನೊಣ ಎಂದೆ.

ಈ ಸಲ ಅಳಿಯನ ಮಗಳು ಹೇತಲ್
ನನ್ನ ಅಷ್ಟೂ ಪುಟಗಳನ್ನು ಕಂಪ್ಯೂಟರಿಗೆ ಏರಿಸಿದಳು.
ಪರದೆಯ ಮೇಲೆ ಎರಡು ಗೆರೆ,
ನೀಲಿ ಇಳಿಯುತ್ತದೆ, ಹಳದಿ ಏರುತ್ತದೆ,
ನಡುವೆ ಕತ್ತರಿಯಂತೆ ಒಂದು ಕಡೆ ಸೇರುತ್ತವೆ.
'ಇಲ್ಲಿ ಏನಾಯಿತು ಅಂಕಲ್?' ಬೆರಳಿಟ್ಟು ಕೇಳಿದಳು.

ನನಗೆ ನೆನಪಿದೆ. ಜುಲೈ.
ಎಡಕ್ಕೆ ಇನ್ನೂರ ಹನ್ನೆರಡು, ಬಲಕ್ಕೆ ಇನ್ನೂರ ಹನ್ನೆರಡು.
ತಪ್ಪಿದೆನೆಂದು ಮೂರು ಸಲ ಕೂಡಿದೆ.
ಹಳಿಯ ಮೇಲೆ ನೀರು ಬಂದು ಲೋಕಲ್ ನಿಂತಿತ್ತು.
ಯಾರಿಗಾದರೂ ತೋರಿಸೋಣ ಎಂದರೆ
ಹಸನ್‌ಮಿಯಾ ಅಂದು ರಜೆಯಲ್ಲಿದ್ದ.